ಇನ್ನೊಂದು ಅಚ್ಚು

"ಬಾಯಲ್ಲಿ ತುತ್ತು ತುರುಕಿ ತಂದು ಮಲಗಿಸಿದೀಯಲ್ಲೋ, ತಲೇಲಿ ಮಿದುಳಿದೆಯೋ, ಮರದ ಹೊಟ್ಟಿದೆಯೋ?"

ಕ್ಯಾನ್ಸರ್ ಆಸ್ಪತ್ರೆಯ ವಿಕಿರಣದ ಕೋಣೆಯ ಬಾಗಿಲಲ್ಲಿ ನಿಂತು ಟೆಕ್ನಿಷಿಯನ್ ಕೂಗಿದ. ಬೆಂಚುಗಳ ಮೇಲೆ ಸರದಿ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಕಿರಣಕ್ಕೆ ಕತ್ತು ಕಪ್ಪಾದವರು, ದನಿ ಹೋದವರು. ನಗಲು ಅವರಿಗೆ ಬಾಯಿರಲಿಲ್ಲ, ಜೊತೆಗೆ ಬಂದವರಿಗೆ ಇತ್ತು. ಬೈಸಿಕೊಂಡವನು, ಕೆಲಸದ ಬಟ್ಟೆಯಲ್ಲೇ ಬಂದಿದ್ದ ಬಡಗಿ, ಎದ್ದು ನಿಂತ. ಮುಷ್ಟಿ ತಾನಾಗಿ ಬಿಗಿಯಿತು. ಆದರೆ ಒಳಗೆ ಮೆಷಿನ್ನಿನಡಿ ಮಲಗಿದ್ದುದು ಅವನ ಅಪ್ಪ. ಮೆಷಿನ್ನು ಈ ಮನುಷ್ಯನ ಕೈಯಲ್ಲಿತ್ತು.

"ತುತ್ತಾ? ಅಪ್ಪ ಊಟ ಮಾಡಿ ಎಷ್ಟು ದಿನ ಆಯ್ತು ಗೊತ್ತಾ ನಿಮಗೆ? ನೀರು ಇಳಿಸೋಕ್ಕೇ ಕಣ್ಣಲ್ಲಿ ನೀರು ಬರುತ್ತೆ ಅವರಿಗೆ."

"ಹಾಗಾದ್ರೆ ಇದೇನು? ಬಾ, ನೀನೇ ನೋಡು."

ಪರದೆಯ ಮೇಲೆ ಅಪ್ಪನ ತಲೆ ಬೂದಿಯ ಬಣ್ಣದಲ್ಲಿತ್ತು. ಕಿರಣ ಬಿಡುವ ಮೊದಲು ಮೆಷಿನ್ನು ದಿನಾ ಒಂದು ಚಿತ್ರ ತೆಗೆಯುತ್ತದೆ; ಅದು ಶುರುವಿನಲ್ಲಿ ತೆಗೆದ ಚಿತ್ರದ ಮೇಲೆ ಸರಿಯಾಗಿ ಕೂತರೆ ಮಾತ್ರ ಮುಂದಿನ ಕೆಲಸ. ಇವತ್ತು ಕೂತಿರಲಿಲ್ಲ. ದವಡೆ ಓರೆಯಾಗಿತ್ತು. ಎರಡೂ ಕೆನ್ನೆಯೊಳಗೆ ಏನೋ ಮುದ್ದೆ.

ಒಳಗೆ ಹೋಗಿ ಟೆಕ್ನಿಷಿಯನ್ ಅಪ್ಪನ ತಲೆ ಅಲುಗದಂತೆ ಮುಖದ ಮೇಲೆ ಬಿಗಿದಿದ್ದ ಬಲೆಯಂಥ ಮುಖವಾಡದ ಕೊಂಡಿಗಳನ್ನು ಬಿಚ್ಚಿದ. ಅಪ್ಪ ಮೆಲ್ಲಗೆ ಎದ್ದು ಕೂತು, ಬಾಯಿಗೆ ಬೆರಳು ಹಾಕಿ ತೆಗೆದ: ಹಳೇ ಬಟ್ಟೆಯ ಎರಡು ಸುರುಳಿ, ಜೊಲ್ಲಿನಲ್ಲಿ ನೆಂದಿದ್ದವು, ಅಂಚಿಗೆ ಒಂದಿಷ್ಟು ನೆತ್ತರು ಹತ್ತಿತ್ತು.

"ಏನಪ್ಪಾ ಇದು!"

"ಚೌಕಟ್ಟು ಸಡಿಲ ಆದ್ರೆ ಏನ್ ಮಾಡ್ತೀವೋ? ಸಂದಿಗೆ ಬೆಣೆ ಕೊಡ್ತೀವಿ." ಮರಕ್ಕೆ ಉಪ್ಪುಕಾಗದ ತಿಕ್ಕಿದ ಹಾಗಿತ್ತು ಅಪ್ಪನ ದನಿ. "ಮುಖ ಇಳಿದುಹೋಯ್ತು ಕಣೋ. ಮುಖವಾಡಕ್ಕೆ ಮುಖ ಸಾಲ್ತಿಲ್ಲ. ಇನ್ನೂ ಸಡಿಲ ಆದ್ರೆ ಹೊಸ ಮುಖವಾಡಕ್ಕೆ ಅಚ್ಚು ತೆಗೀತೀವಿ ಅಂತ ನಿನ್ನೆ ಇವನೇ ಹೆದರಿಸಿದ್ದ."

ಟೆಕ್ನಿಷಿಯನ್ ಸ್ಟೂಲಿನ ಮೇಲೆ ಕುಸಿದು ಕೂತ. ಬೆಳಗಿನಿಂದ ನಿಂತ ಕಾಲು ಅವನದು. "ಯಜಮಾನ್ರೇ, ಹೊರಗೆ ಬಿಗಿಯಾದ್ರೆ ಸಾಲ್ದು. ಒಳಗೆ ಗುರಿ ತಪ್ಪುತ್ತೆ. ಗಂಟಲಿನ ಗಂಟಿಗೆ ಬೀಳೋ ಕಿರಣ ಬೆನ್ನುಹುರಿಗೆ ಬಿದ್ರೆ ಕೈಕಾಲೇ ಹೋಗ್ಬಹುದು. ಗಂಟು ಕರಗ್ತಾ ಇದೆ, ಅದು ನಿಮ್ಮ ಪುಣ್ಯ. ಅರ್ಧಕ್ಕೆ ಬಿಟ್ರೆ ಮತ್ತೆ ಬೆಳೆಯುತ್ತೆ. ಇವತ್ತೇ ಹೊಸ ಅಚ್ಚು ತೆಗೆಸಿ."

"ನನ್ ಕೈಲಾಗಲ್ಲ. ಆ ಬಿಸಿ ಹಾಳೆ ಮುಖಕ್ಕೆ ಒತ್ತಿ ಹಿಡಿದಿರಲ್ಲ, ಜೀವ ಇರುವಾಗ್ಲೇ ಮಣ್ಣು ಮಾಡಿದ ಹಾಗಿತ್ತು. ಉಸಿರು ಇತ್ತು, ಕೂಗೋಕೆ ಬಾಯಿರಲಿಲ್ಲ. ಇನ್ನೊಂದು ಸಲ ಅಂದ್ರೆ ನಾನು ಇಲ್ಲಿಗೇ ಬರಲ್ಲ."

"ನೀನಾದ್ರೂ ಹೇಳಪ್ಪಾ," ಎಂದ ಟೆಕ್ನಿಷಿಯನ್, ಮಗನ ಮುಖ ನೋಡದೆ. "ಬಲವಂತ ಮಾಡೋ ಹಾಗಿಲ್ಲ ನಾವು." ಬಾಗಿಲಿಗೆ ಹೋಗಿ ಮುಂದಿನವರನ್ನು ಕರೆದ.

ಇಬ್ಬರೂ ಹೊರಗೆ ಬಂದರು. ಓಣಿಯಂಥ ಆ ಉದ್ದ ಹಜಾರದ ಒಂದು ಕೊನೆಗೆ ಬೀದಿಯ ಬಾಗಿಲು, ಬಿಸಿಲು, ಬಸ್ಸಿನ ಹಾರನ್ನು. ಇನ್ನೊಂದು ಕೊನೆಗೆ ಅಚ್ಚು ತೆಗೆಯುವ ಕೋಣೆ. ಗೋಡೆಗೆ ಒರಗಿದ ಅಪ್ಪ ಮಗನ ತೋಳು ಹಿಡಿದ.

"ಸಾಕಾಯ್ತು ಮಗಾ. ನಿನಗೂ ಸಾಕಾಗಿದೆ. ನನ್ ಮುಖ ನೋಡಿ ನಿಜ ಹೇಳು, ಸಾಕಾಗಿಲ್ವಾ? ಹೂಂ ಅನ್ನು, ಮನೆಗೆ ಹೋಗೋಣ. ನಿನ್ ಮೇಲೆ ನನಗೇನೂ ಬೇಜಾರಿಲ್ಲ."

ಸಾಕಾಗಿತ್ತು. ದಿನಾ ಎರಡು ಬಸ್ಸು, ಈ ಬೆಂಚು, ಕಂಡಕಂಡವರ ಬೈಗುಳ, ಮನೆಗೆ ಹೋದರೆ ನಿದ್ದೆ ಕೊಡದ ಆ ಕೆಮ್ಮು. ಹೂಂ ಅಂದರೆ ಸುಳ್ಳಾಗುತ್ತಿರಲಿಲ್ಲ. ಉಹೂಂ ಅಂದರೆ ಅಪ್ಪ ನಂಬುತ್ತಿರಲಿಲ್ಲ. ಚಿಕ್ಕಂದಿನಿಂದಲೂ ಮಗನ ಸುಳ್ಳು ಬಾಯಿಗೆ ಬರುವ ಮೊದಲೇ ಅವನಿಗೆ ಗೊತ್ತಾಗಿಬಿಡುತ್ತಿತ್ತು.

ಮಗ ಅಪ್ಪನ ಬೆರಳುಗಳನ್ನು ಒಂದೊಂದಾಗಿ ತೋಳಿನಿಂದ ಬಿಡಿಸಿದ. ಅಚ್ಚಿನ ಕೋಣೆಯ ಕಡೆ ನಡೆದ, ತಿರುಗಿ ನೋಡದೆ, ಹಿಂದೆ ಚಪ್ಪಲಿ ಎಳೆಯುವ ಸದ್ದು ಬರುತ್ತದೆಯೇ ಎಂದು ಬೆನ್ನೆಲ್ಲ ಕಿವಿಯಾಗಿ.