ಮೆಲ್ಚೋರಾಳ ಹಳೇ ಗಿರಾಕಿಗಳು

“ಬಂದ್ಯಾ ನನ್ನಪ್ಪಾ! ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ?” ಎಂದು ಮೆಲ್ಚೋರಾ ಕಾರಿನ ಬಾಗಿಲನ್ನೇ ಹಿಡಿದುಕೊಂಡಳು. “ಹೋದ ಸಲ ನೀನೂ ನಿನ್ನ ಹೆಂಡ್ತೀನೂ ಕೂತಿದ್ರಲ್ಲ, ಆ ಮೇಜು ಇವತ್ತಿಗೂ ಯಾರಿಗೂ ಕೊಟ್ಟಿಲ್ಲ!”

ಎಫ್ರಾಯಿನ್ ಹಲ್ಲು ಬಿಡುವಷ್ಟರಲ್ಲಿ ಆಚೆ ಬಾಗಿಲಿನಿಂದ ಅವನ ಹೆಂಡತಿ ನೆಲಿದಾ ಇಳಿದಳು. “ನಾನು ಈ ಊರು ನೋಡ್ತಿರೋದೇ ಇವತ್ತು,” ಎಂದಳು.

ಗರ್ಸಾ ಕಡಲ ದಡದಲ್ಲಿ ಮನುಷ್ಯರಿಗಿಂತ ಸೆವಿಚೆ ಎಂಬ ಹಸಿಮೀನಿನ ತಿನಿಸಿನ ಅಂಗಡಿಗಳೇ ಹೆಚ್ಚು. ರಾಜಧಾನಿ ಲಿಮಾ ಕಡೆಯ ಒಂದು ಕಾರು ನಿಂತರೆ ಸಾಕು, ಗಿರಾಕಿ ಕರೆಯುವ ಅಂಗಡಿಯವರ ಕೂಗಿಗೆ ಪೆಲಿಕನ್‌ಗಳು ಕೊಕ್ಕಿನ ಮೀನು ಉಗುಳಿ ಹಾರುತ್ತಿದ್ದವು. ಮಿಕ್ಕವರೆಲ್ಲ ‘ಬನ್ನಿ’ ಎಂದರೆ ಮೆಲ್ಚೋರಾ ‘ಮತ್ತೆ ಬಂದ್ಯಾ’ ಎನ್ನುತ್ತಿದ್ದಳು. ಆ ಒಂದು ಮಾತಿಗೆ ಎಂಥ ಅಪರಿಚಿತನೂ ಹಳೇ ಗಿರಾಕಿಯಂತೆ ಕಾಲು ಚಾಚಿ ಕೂರುತ್ತಿದ್ದ.

ಇವತ್ತು ಎಡವಟ್ಟಾಯಿತು. ‘ಈ ಊರು ನಂಗೆ ಅಂಗೈ ಇದ್ದ ಹಾಗೆ, ಆಫೀಸ್ ಕೆಲಸಕ್ಕೆ ಒಬ್ಬನೇ ಬಂದಿದ್ದೆ’ ಎಂದು ದಾರಿಯುದ್ದಕ್ಕೂ ಕೊಚ್ಚಿಕೊಂಡಿದ್ದ ಎಫ್ರಾಯಿನ್ ಈಗ ಕಾರಿನ ಬೀಗದ ಕೈ ಹುಡುಕತೊಡಗಿದ. ಅದು ಅವನ ಕೈಯಲ್ಲೇ ಇತ್ತು.

“ಹೇಗಿದ್ಲಮ್ಮ ಆ ಹೆಂಡ್ತಿ? ಉದ್ದಾನಾ, ಗಿಡ್ಡಾನಾ?” ಎಂದು ನೆಲಿದಾ ಮೆಲ್ಚೋರಾಳನ್ನು ಕೇಳಿದಳು.

“ಅಯ್ಯೋ ಮಗಳೇ, ನಾನು ಲೋಕಕ್ಕೆಲ್ಲ ಹೀಗೇ ಹೇಳೋದು! ಪಾದ್ರಿ ಬಂದ್ರೂ ಹೆಂಡ್ತಿ ಚೆನ್ನಾಗಿದಾಳಾ ಅಂತೀನಿ!”

“ಈಗ ತೇಪೆ ಹಾಕ್ಬೇಡ. ನಾನು ಬಸ್ ಹತ್ತಿ ವಾಪಸ್ ಹೋಗ್ತೀನಿ. ಇವನ ಜೊತೆ ಇನ್ನು ಬಾಳೋದಿಲ್ಲ.”

“ನಾನು ಮದುವೆ ದಿನವೇ ಹೇಳಿದ್ದೆ,” ಎಂದಳು ಹಿಂದಿನ ಸೀಟಿನಿಂದ ಇಳಿದ ನೆಲಿದಾಳ ತಾಯಿ ಒರ್ತೆನ್ಸಿಯಾ. ಗಂಡ ಸತ್ತಂದಿನಿಂದ ಕಪ್ಪು ಬಟ್ಟೆ ಬಿಟ್ಟು ಬೇರೆ ಉಟ್ಟವಳಲ್ಲ, ನಕ್ಕಿದ್ದನ್ನು ಕಂಡವರಿಲ್ಲ.

“ಜಗಳ ಆಡೋರು ಕೂತ್ಕೊಂಡು ಆಡಿ,” ಎಂದು ಮೆಲ್ಚೋರಾ ಮೂವರನ್ನೂ ನೆರಳಿಗೆ ಎಳೆದು, ನಿಂಬೆಹುಳಿಯಲ್ಲಿ ನೆನೆದ ಹಸಿಮೀನು, ಗೆಣಸು, ಹುರಿದ ಜೋಳ ತಂದಿಟ್ಟಳು. ಹೋಗಲಿರುವ ಗಿರಾಕಿಗಿಂತ ಮುರಿಯಲಿರುವ ಸಂಸಾರದ ಭಯ ಅವಳಿಗೆ. “ನಾನು ಹೇಳಿದ್ದು ಬರೀ ಸುಳ್ಳು ಅಂತ ತೋರಿಸ್ಲಾ? ತಗೋ, ನಿಂಗೂ ಹೇಳ್ತೀನಿ. ನೀನೂ ಬಂದಿದ್ದೆ ಕಣೇ! ದಪ್ಪ ಮೀಸೆಯವನ ಜೊತೆ. ಗಿಟಾರ್ ಬೇರೆ ತಂದಿದ್ದ. ಇದೇ ಕುರ್ಚಿ!”

ನೆಲಿದಾಳ ಕೈಯಿಂದ ಚಮಚ ಜಾರಿತು. ಮುಖ ಕಿತ್ತಿಟ್ಟ ಬಸಳೆಯಂತೆ ಬಾಡಿತು.

“ಯಾವ ಮೀಸೆ?” ಎಂದ ಎಫ್ರಾಯಿನ್.

“ಸುಮ್ನೆ ತಿನ್ನಿ. ಆರಿಹೋಗುತ್ತೆ,” ಎಂದಳು ನೆಲಿದಾ.

ಸೆವಿಚೆ ಹುಟ್ಟಿದಾಗಿಂದ ತಣ್ಣಗಿರುವ ಊಟ. ಆದರೂ ಗಂಡ ಹೆಂಡತಿ ಇಬ್ಬರೂ ಉಫ್ ಉಫ್ ಎಂದು ಊದಿ ಊದಿ ತಿಂದರು. ಬಸ್ಸಿನ ಮಾತು ಯಾರೂ ಎತ್ತಲಿಲ್ಲ.

ಒರ್ತೆನ್ಸಿಯಾ ಮಾತ್ರ ತಟ್ಟೆ ಮುಟ್ಟಿರಲಿಲ್ಲ. ಹಣೆಯ ಮೇಲಿನ ನರೆಗೂದಲನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, ಕುರ್ಚಿಯನ್ನು ಮೆಲ್ಚೋರಾಳ ಹತ್ತಿರಕ್ಕೆ ಎಳೆದುಕೊಂಡಳು.

“ನನ್ನೂ ಸ್ವಲ್ಪ ನೋಡಿ ಹೇಳೇ,” ಎಂದಳು. “ನಾನು ಯಾರ ಜೊತೆ ಬಂದಿದ್ದೆ?”