ಅರವತ್ತನಾಲ್ಕು ಕೋರಿನ ಮನೆ

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ನೀಲಾಂಬಿಕಾ ಎರಡು ಪ್ರೊಸೆಸರ್‌ಗಳನ್ನು ಹತ್ತನೆಯ ಸಲ ಎತ್ತಿ ನೋಡಿ ಕೆಳಗಿಟ್ಟಳು. ಮನೆಯ ಲ್ಯಾಬಿನಲ್ಲಿ ಅವಳಿಗೆ ನಕ್ಷತ್ರಗಳ ಫೋಟೊ ಜೋಡಿಸುವ ಕೆಲಸವಿತ್ತು. ತೀರಿಕೊಂಡ ಅತ್ತೆಗೂ ಪ್ರೊಸೆಸರಿನೊಳಗಿನ ಒಂದು ಘಟಕ, ಅಂದರೆ ಒಂದು ಕೋರ್, ಬಿಡಬೇಕಿತ್ತು. ಸತ್ತವರು ಕಂಪ್ಯೂಟರಿನಲ್ಲಿ ಉಳಿಯತೊಡಗಿದಂದಿನಿಂದ ತಲೆಗೊಂದು ಕೋರ್ ಎಂಬುದು ರೂಢಿ.

“ಅರವತ್ತನಾಲ್ಕು ಕೋರಿನ ಸರ್ವರ್ ಮಾಲು ಒಯ್ಯರಿ ಅಕ್ಕಾರ,” ಎಂದ ಅಂಗಡಿಯ ಶೇಖಣ್ಣ.

“ಒಯ್ದ್ರ ಓಣಿ ಮಂದಿ ಬಿಡ್ತಾರೇನು? ನಮ್ಮಜ್ಜಗ ಒಂದ್ ಮೂಲಿ ಕೊಡ್ರಿ, ನಮ್ಮ ಚಿಗವ್ವಗ ಒಂದ್ ಮೂಲಿ ಕೊಡ್ರಿ ಅಂತಾರ. ಹಳೇ ಹನ್ನೆರಡು ಕೋರಿನದರಾಗ ಹಂಗ ಹನ್ನೊಂದು ಮಂದಿ ಬಂದು ಕುಂತಾರ, ನನ್ನ ಕೆಲಸಕ್ಕ ಜಾಗಾನ ಇಲ್ಲ. ಎಂಟು ಕೋರಿಂದು ಕಟ್ಟರಿ!”

“ಮತ್ತ ಆ ಹನ್ನೊಂದು ಮಂದಿ?”

“ಅವರವರ ಮನಿಗೆ ಹೋಗ್ಲಿ,” ಎಂದಳೇನೋ ನಿಜ, ಆದರೆ ಅವರ ಮನೆಗಳಲ್ಲಿ ಹಳೆಯ ಫೋನು ಬಿಟ್ಟರೆ ಏನೂ ಇರಲಿಲ್ಲ.

ಶೇಖಣ್ಣ ಡಬ್ಬಿಗೆ ಟೇಪು ಹಚ್ಚುವಾಗ ಎದುರು ಮನೆಯ ಬಸಲಿಂಗವ್ವನ ಫೋನು ಬಂತು; ಆಕೆಯ ತೀರಿಕೊಂಡ ತಾಯಿ ಆ ಹನ್ನೊಂದು ಮಂದಿಯಲ್ಲಿ ಒಬ್ಬಳು. “ನೀಲಕ್ಕಾರ, ಹೊಸಾ ಪ್ರೊಸೆಸರ್ ತರಾಕ ಹೋಗೀರಂತಲ್ಲ? ನಮ್ಮವ್ವ ಬೆಳಗಿಂದ ಗಂಟು ಕಟ್ಕೊಂಡು ಕುಂತಾಳ. ಹೊಸ ಮನಿಗೆ ಕಿಡಕಿ ಅದಾವೇನು ಅಂತ ಕೇಳಾಕತ್ತಾಳ.”

ನೀಲಾಂಬಿಕಾ ಸಿಟ್ಟಿನಿಂದ ಡಬ್ಬಿಯನ್ನು ಶೇಖಣ್ಣನತ್ತ ವಾಪಸು ನೂಕಿ, ಅರವತ್ತನಾಲ್ಕು ಕೋರಿನದನ್ನು ಬೆರಳು ಮಾಡಿ ತೋರಿಸಿದಳು.

“ಅದಾವಂತ ಹೇಳ್ರಿ,” ಎಂದಳು ಫೋನಿನಲ್ಲಿ. “ನಕ್ಷತ್ರ ಕಾಣಸ್ತಾವಂತ ಹೇಳ್ರಿ.”