ಕೇಳಿಸಿಕೊಳ್ಳುವ ತರಬೇತಿ

ತೋಳು ಸುಟ್ಟು ಕರಕಲಾದ ಅಂಗಿಯೊಂದನ್ನು ದೊಡ್ಡಕ್ಕ ತಂದು ಮ್ಯಾನೇಜರರ ಮೇಜಿನ ಮೇಲೆ ಹರಡಿದಳು. ಮ್ಯಾನೇಜರರು ಫೋನನ್ನು ಮಗುಚಿಟ್ಟು, ಮುಂದಕ್ಕೆ ಬಾಗಿ, ಅವಳ ಕಣ್ಣನ್ನೇ ನೋಡತೊಡಗಿದರು. ಮೂಲೆಯಲ್ಲಿ ಕೂತಿದ್ದ ಸಂಶೋಧಕಿ ತನ್ನ ಹಾಳೆಯಲ್ಲಿ ಎರಡು ಕಡೆ ಸರಿ ಗುರುತು ಹಾಕಿದಳು.

ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ ಅದು. ಇಸ್ತ್ರಿ ವಿಭಾಗದ ಉಸ್ತುವಾರಿ ದೊಡ್ಡಕ್ಕನದು. ಒದ್ದೆ ಹಾಸುಬಟ್ಟೆಯನ್ನು ನುಂಗಿ ಗರಿಗರಿಯಾಗಿ ಹೊರಹಾಕುವ ಕಾದ ರೋಲರಿನ ಮುಂದೆ ಅಲ್ಲೊಂದು ಅಡ್ಡಕಂಬಿ ಇದೆ. ಬಟ್ಟೆಯ ಜೊತೆ ಕೈಯೂ ಒಳಗೆ ಹೊರಟರೆ ಬೆರಳು ಕಂಬಿಗೆ ತಾಗಿ ರೋಲರು ತಾನಾಗಿಯೇ ನಿಲ್ಲಬೇಕು. ಕಂಬಿ ಕೆಟ್ಟು ವಾರವಾಗಿತ್ತು. ನಿನ್ನೆ ದೊಡ್ಡಕ್ಕನ ನಾದಿನಿಯ ಅಂಗಿಯ ತೋಳು ಸಿಕ್ಕಿಕೊಂಡು, ಪಕ್ಕದವಳು ಹಿಡಿದೆಳೆದದ್ದಕ್ಕೆ ಅಂಗಿಯಷ್ಟೇ ಸುಟ್ಟಿತ್ತು.

"ಮೆಕ್ಯಾನಿಕ್ಕನ್ನ ಕರೆಸಿ ಸಾರ್. ಅಲ್ಲೀತನಕ ರೋಲರ್ ನಿಲ್ಲಿಸಿ. ನನ್ನ ನಾದಿನಿ ಈಗಲೂ ಅದರ ಮುಂದೇನೇ ನಿಂತಿದ್ದಾಳೆ."

"ಅಂದ್ರೆ, ಕಂಬಿ ಕೆಲಸ ಮಾಡ್ತಿಲ್ಲ, ನಾದಿನಿ ವಿಷಯದಲ್ಲಿ ನಿಮಗೆ ಭಯ ಆಗಿದೆ. ನಾನು ಸರಿಯಾಗಿ ಅರ್ಥ ಮಾಡ್ಕೊಂಡಿದೀನಾ?"

"ನನ್ನ ಭಯ ಹಾಗಿರಲಿ ಸಾರ್. ಮೆಕ್ಯಾನಿಕ್ಕು..."

"ನಿಮ್ಮ ಆತಂಕ ನನಗೆ ತುಂಬಾ ಮುಖ್ಯ. ಇಷ್ಟು ಬಿಚ್ಚುಮನಸ್ಸಿಂದ ಹೇಳಿದ್ದಕ್ಕೆ ಥ್ಯಾಂಕ್ಸ್."

ಮ್ಯಾನೇಜರರು ಅಂಗಿಯನ್ನು ನಾಜೂಕಾಗಿ ಮಡಿಸಿ ಅವಳ ಕೈಗೇ ಕೊಟ್ಟರು. ಹೋಟೆಲಿನವರ ಬಟ್ಟೆ ಸಂಜೆಯೊಳಗೆ ಹೋಗಬೇಕು, ಅದಾದಮೇಲೆ ಖಂಡಿತ ಕೂತು ಮಾತಾಡೋಣ ಎಂದು ಬಾಗಿಲವರೆಗೂ ಬಂದು ಬೀಳ್ಕೊಟ್ಟರು. ಮೊದಲು ಹೀಗಿರಲಿಲ್ಲವಂತೆ. ಏನಾದರೂ ಕೆಟ್ಟಿದೆ ಎಂದರೆ ಇಡೀ ಲಾಂಡ್ರಿಗೆ ಕೇಳುವಂತೆ ಕೂಗಾಡಿ, ಎಲ್ಲರ ಜನ್ಮ ಜಾಲಾಡಿ, ಕೊನೆಗೆ ಮೆಕ್ಯಾನಿಕ್ಕಿಗೆ ಫೋನು ಮಾಡುತ್ತಿದ್ದರಂತೆ. ಕಂಪನಿ ಅವರನ್ನು ತರಬೇತಿಗೆ ಕಳಿಸಿತು. ಕೂಗಾಟ ನಿಂತಿತು, ಅದರ ಜೊತೆಗೆ ಫೋನೂ ನಿಂತಿತು. ಮೂಗಿಗೆ ತುಪ್ಪ ಸವರುವ ವಿದ್ಯೆಯನ್ನು ಮಾತ್ರ ಅಚ್ಚುಕಟ್ಟಾಗಿ ಕಲಿತು ಬಂದಿದ್ದರು.

ತರಬೇತಿಯಲ್ಲಿ ಮ್ಯಾನೇಜರುಗಳು ನಿಜಕ್ಕೂ ಏನು ಕಲಿಯುತ್ತಾರೆ ಎಂಬುದೇ ಸಂಶೋಧಕಿಯ ವಿಷಯ. ಅವಳು ಹಾಳೆ ನೋಡಿದಳು. ಕಣ್ಣಲ್ಲಿ ಕಣ್ಣಿಟ್ಟು ನೋಡಿದರು, ಸರಿ. ಹೇಳಿದ್ದನ್ನು ತಿರುಗಿ ಹೇಳಿದರು, ಸರಿ. ಭಾವನೆ ಗುರುತಿಸಿದರು, ಸರಿ. ಪೂರ್ತಿ ಅಂಕ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕೇಳಿಸಿಕೊಂಡ ಮೇಲೆ ಏನು ಮಾಡಿದರು ಎಂದು ಬರೆಯಲು ಒಂದು ಸಾಲಾದರೂ ಇರಲಿ ಎಂದು ಅವಳು ಶುರುವಿನಲ್ಲೇ ತನ್ನ ಮಾರ್ಗದರ್ಶಕರ ಬೆನ್ನು ಹತ್ತಿದ್ದಳು. "ನಮ್ಮ ವಿಷಯ ಕಲಿಕೆ ಕಣಮ್ಮಾ, ರಿಪೇರಿ ಅಲ್ಲ" ಎಂದು ಅವರು ನಕ್ಕುಬಿಟ್ಟಿದ್ದರು. ಅವಳೂ ಹಲ್ಲುಕಚ್ಚಿ ಸುಮ್ಮನಾಗಿದ್ದಳು. ನೋಡಲು ಹೋದವರು ನೋಡಬೇಕು, ಬಾಯಿ ಹಾಕಬಾರದು. ಹಾಕಿದರೆ ಆ ಜಾಗದ ವಿವರವೆಲ್ಲ ಅಧ್ಯಯನದಿಂದ ಹೊರಗೆ. ಉಳಿದ ಕಂಪನಿಗಳೆಲ್ಲ ಒಂದೊಂದಾಗಿ ಕೈಯೆತ್ತಿದ್ದರಿಂದ ಅವಳ ಪಾಲಿಗೆ ಉಳಿದಿದ್ದು ಈ ಲಾಂಡ್ರಿ ಒಂದೇ. ಇದೂ ಹೋದರೆ ಇಷ್ಟು ವರ್ಷದ ಓದು ನೀರುಪಾಲು.

ಅವಳು ಹಾಳೆಯನ್ನು ಚೀಲಕ್ಕೆ ತುರುಕಿ ಹೊರಬಂದಳು. ಓಣಿಯಲ್ಲಿ ದೊಡ್ಡಕ್ಕ ಗೋಡೆಗೊರಗಿ ನಿಂತಿದ್ದಳು. ಕೆಲಸದ ಮಧ್ಯೆ ರೋಲರು ನಿಲ್ಲಿಸುವ ಕೆಂಪು ಗುಂಡಿ ಅದರ ಪಕ್ಕದಲ್ಲೇ ಇದೆಯಲ್ಲ, ನೀವೇ ಒತ್ತಬಹುದಲ್ಲ ಎಂದಳು ಸಂಶೋಧಕಿ, ದನಿ ತಗ್ಗಿಸಿ. ಹೋದ ತಿಂಗಳು ಹಾಗೆ ಒತ್ತಿದವಳನ್ನು ಮಾರನೆಯ ದಿನವೇ ಮನೆಗೆ ಕಳಿಸಿದರು, ಅದೂ ಅವಳ ಕಷ್ಟವನ್ನೆಲ್ಲ ಸಮಾಧಾನದಿಂದ ಕೇಳಿಸಿಕೊಂಡು, ಎಂದಳು ದೊಡ್ಡಕ್ಕ. ಆಮೇಲೆ ಸಂಶೋಧಕಿಯನ್ನೇ ನೆಟ್ಟಗೆ ನೋಡಿದಳು.

"ನೀವೂ ಅಲ್ಲೇ ಕೂತು ಎಲ್ಲಾ ಕೇಳಿಸ್ಕೊಂಡ್ರಲ್ಲ ಮೇಡಂ. ಏನು ಬರ್ಕೊಂಡ್ರಿ?"

"ಚೆನ್ನಾಗಿ ಕೇಳಿಸಿಕೊಂಡರು ಅಂತ."

ಹೇಳಿದ ಮೇಲೆ ಸಂಶೋಧಕಿಗೆ ತನ್ನ ನಾಲಿಗೆಯ ಮೇಲೇ ಅಸಹ್ಯವಾಯಿತು. ಒಳಗೆ ಮ್ಯಾನೇಜರರು ಮಾಡಿದ್ದಕ್ಕೂ ತಾನು ಮೂಲೆಯಲ್ಲಿ ಕೂತು ಮಾಡಿದ್ದಕ್ಕೂ ಏನು ವ್ಯತ್ಯಾಸ? ದೊಡ್ಡಕ್ಕ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ರೋಲರಿನ ಮುಂದೆ ನಾದಿನಿ ಒಬ್ಬಳೇ ಇದ್ದಾಳೆ ಎಂದು ಹೇಳಿ, ಸುಟ್ಟ ಅಂಗಿಯನ್ನು ಕಂಕುಳಲ್ಲಿಟ್ಟುಕೊಂಡು ಇಸ್ತ್ರಿ ಕೋಣೆಯತ್ತ ನಡೆದಳು.

ಸಂಶೋಧಕಿ ಹಿಂದೆಯೇ ಹೋದಳು. ಆವಿ, ಸೆಕೆ, ಕಿವಿಗಡಚಿಕ್ಕುವ ಸದ್ದು. ನಾದಿನಿ ಹಾಸುಬಟ್ಟೆಯ ಅಂಚನ್ನು ರೋಲರಿಗೆ ಕೊಡುತ್ತಿದ್ದಳು, ಪ್ರತಿ ಸಲವೂ ಕೈಯನ್ನು ಕೆಂಡ ಮುಟ್ಟಿದವಳಂತೆ ಹಿಂದಕ್ಕೆಳೆದುಕೊಳ್ಳುತ್ತಿದ್ದಳು. ಸಂಶೋಧಕಿ ಇನ್ನು ಯೋಚಿಸಲಿಲ್ಲ. ಯೋಚಿಸಿದ್ದರೆ ಒತ್ತುತ್ತಿರಲಿಲ್ಲವೇನೋ. ಕೆಂಪು ಗುಂಡಿಯ ಮೇಲೆ ಅಂಗೈ ಊರಿ, ತನ್ನ ಅಧ್ಯಯನವನ್ನೂ ಮಾರ್ಗದರ್ಶಕರನ್ನೂ ಮನಸ್ಸಿನಲ್ಲೇ ಚೆನ್ನಾಗಿ ಬೈದು, ಒತ್ತಿಬಿಟ್ಟಳು.

ರೋಲರು ನಿಂತಿತು. ಕೋಣೆಯಲ್ಲಿ ಸದ್ದೇ ಇಲ್ಲ. ಮಡಿಸುವವರು, ಜೋಡಿಸುವವರು, ಎಲ್ಲರೂ ಕೈ ಬಿಟ್ಟು ತಿರುಗಿ ನೋಡಿದರು. ಅಷ್ಟರಲ್ಲಿ ಓಣಿಯಲ್ಲಿ ದಡದಡ ಹೆಜ್ಜೆಯ ಸಪ್ಪಳವಾಯಿತು. ಮ್ಯಾನೇಜರರು ಏದುಸಿರು ಬಿಡುತ್ತ ಬಾಗಿಲಲ್ಲಿ ಬಂದು ನಿಂತರು. ಯಾರು ನಿಲ್ಲಿಸಿದ್ದು ಎಂದು ಕಟ್ಟಡ ಅದುರುವಂತೆ ಕೂಗಿದರು. ಮುಖ ಕೆಂಪಾಗಿತ್ತು. ಕಲಿತದ್ದೆಲ್ಲ ಅವರಿಗೆ ಒಂದೇ ಏಟಿಗೆ ಮರೆತುಹೋಗಿತ್ತು.

ದೊಡ್ಡಕ್ಕ ನಾದಿನಿಯ ಎರಡೂ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಿದ್ದಳು. ಮ್ಯಾನೇಜರರ ಕಡೆ ತಿರುಗಿಯೂ ನೋಡದೆ, ಸಂಶೋಧಕಿಗೆ ಹೇಳಿದಳು.

"ಈಗ ಬರ್ಕೊಳ್ಳಿ ಮೇಡಂ. ಸಾರ್‌ಗೆ ಕೇಳಿಸ್ತು."